ಅಬ್ಬಾನ ಕಾಲ್‌ಸೈನ್ ಹಿಡಿದು ಕರೆದವನು

ಜೇವರ್ಗಿಯ ಬಸ್ ನಿಲ್ದಾಣದ ಎದುರಿಗೆ ಮೊಬೈಲ್ ರಿಪೇರಿ ಅಂಗಡಿಗಳ ಸಾಲಿದೆ. ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಆ ದಾರಿಯಲ್ಲಿ ಮನೆಗೆ ನಡೆಯುವಾಗ ಒಮ್ಮೊಮ್ಮೆ ಬೆಸುಗೆಯ ಹೊಗೆ ಮೂಗಿಗೆ ಬಡಿಯುತ್ತದೆ. ಕಾದ ಕಬ್ಬಿಣದ ತುದಿಗೆ ರಾಳ ತಾಗಿದಾಗ ಏಳುವ ಆ ವಾಸನೆ ಸಿಹಿಯೂ ಹೌದು, ಕಟುವೂ ಹೌದು. ಬೇರೆಯವರು ಅದನ್ನು ಗಮನಿಸುವುದೂ ಇಲ್ಲ. ನನ್ನ ನಡಿಗೆ ಮಾತ್ರ ನಿಧಾನವಾಗುತ್ತದೆ. ಅಫಜಲಪುರದ ನಮ್ಮ ಮನೆ ಕಣ್ಣೆದುರು ಬರುತ್ತದೆ. ಶಹಾಬಾದ್ ಕಲ್ಲಿನ ತಣ್ಣನೆಯ ನೆಲ, ಅಂಗಳದ ಮೂಲೆಯ ಬೇವಿನ ಮರ, ಅಮ್ಮಿ ರೊಟ್ಟಿ ಬಡಿಯುವ ಸದ್ದು, ಮಾಳಿಗೆಗೆ ಹತ್ತುವ ಮೆಟ್ಟಿಲ ಕೆಳಗಿದ್ದ ಸಣ್ಣ ರೇಡಿಯೊ ಖೋಲಿ. ಆ ಖೋಲಿಯಲ್ಲಿ ಅಬ್ಬಾ ಬೆನ್ನು ಬಾಗಿಸಿ ಬೆಸುಗೆ ಹಾಕುತ್ತ ಕೂತಿರುತ್ತಿದ್ದರು. ಸಂಜೆಯ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಅವರ ಬಿಳಿ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಇಷ್ಟು ನೆನಪಾದರೆ ಸಂತೋಷವಾಗಬೇಕು. ಆದರೆ ಇದರ ಬೆನ್ನಿಗೇ ಆ ದನಿಯೂ ನೆನಪಾಗುತ್ತದೆ.

ಅಬ್ಬಾ ಅಫಜಲಪುರದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದರು. ಹೆಸರು ಖಾಸಿಂ, ಊರವರಿಗೆ ಖಾಸಿಂಸಾಬ್ರು. ಕೋರ್ಟು ಬಿಟ್ಟರೆ ಅವರ ಜೀವವೆಲ್ಲ ಹವ್ಯಾಸಿ ರೇಡಿಯೊದಲ್ಲಿತ್ತು. ಸರ್ಕಾರದ ಪರೀಕ್ಷೆ ಪಾಸಾಗಿ, ಪೊಲೀಸರ ತನಿಖೆ ಮುಗಿದು ಲೈಸೆನ್ಸ್ ಸಿಕ್ಕವರು ಮನೆಯಲ್ಲೇ ಯಂತ್ರ ಇಟ್ಟುಕೊಂಡು ತಮ್ಮಂಥ ಇತರರ ಜೊತೆ ಗಾಳಿಯಲ್ಲಿ ಮಾತಾಡಬಹುದಿತ್ತು. ಪ್ರತಿಯೊಬ್ಬರಿಗೂ ಅಕ್ಷರ, ಅಂಕಿ ಸೇರಿದ ಒಂದು ಕಾಲ್‌ಸೈನ್ ಕೊಡುತ್ತಿದ್ದರು. ಗಾಳಿಯಲ್ಲಿ ಅದೇ ಮನುಷ್ಯನ ಗುರುತು. ಒಬ್ಬರದನ್ನು ಇನ್ನೊಬ್ಬರು ಹೇಳುವಂತಿರಲಿಲ್ಲ. ಸಂಜೆ ಅಸರ್ ನಮಾಜು ಮುಗಿದ ಮೇಲೆ ಸುತ್ತಲಿನ ಊರುಗಳವರ ಒಂದು ಕೂಟ ಸೇರುತ್ತಿತ್ತು. ಅದನ್ನು ನಡೆಸುತ್ತಿದ್ದವರು ಆಳಂದದ ಶರಣಪ್ಪ ಕಾಕಾ. ಹಣೆ ತುಂಬ ವಿಭೂತಿ ಧರಿಸುತ್ತಿದ್ದ ಅವರು ಔಷಧ ಅಂಗಡಿ ಇಟ್ಟುಕೊಂಡಿದ್ದರು. ಜೇವರ್ಗಿಯಿಂದ ಸುಜಾತಾ ಟೀಚರ್ ಬರುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕೂಟದವರನ್ನು ಕಾಯಲು ಯಾವ ಪೊಲೀಸರೂ ಕೂತಿರಲಿಲ್ಲ. ತಮ್ಮನ್ನು ತಾವೇ ಕಾಯ್ದುಕೊಳ್ಳಬೇಕು, ತಪ್ಪಿದವರನ್ನು ತಾವೇ ತಿದ್ದಬೇಕು ಎಂಬ ಒಪ್ಪಂದ ಅವರ ನಡುವೆ ಇತ್ತು. ಮಾತಾಡುವ ಮುಂಚೆ ಕೇಳಿಸಿಕೊಳ್ಳಬೇಕು. ಧರ್ಮ, ರಾಜಕೀಯ, ವ್ಯಾಪಾರ ಎತ್ತಬಾರದು. ಯಂತ್ರಕ್ಕೆ ಅಗತ್ಯಕ್ಕಿಂತ ಜಾಸ್ತಿ ಶಕ್ತಿ ಹಾಕಿ ಬೇರೆಯವರ ದನಿ ಮುಳುಗಿಸಬಾರದು. ಒಮ್ಮೆ ಶರಣಪ್ಪ ಕಾಕಾ ಯಾರದೋ ಮಾತಿನ ನಡುವೆ ತಿಳಿಯದೆ ಬಾಯಿ ಹಾಕಿದ್ದಕ್ಕೆ ಇಡೀ ಕೂಟದ ಎದುರು ತಾವೇ ಕ್ಷಮೆ ಕೇಳಿದ್ದನ್ನು ನಾನೇ ಕೇಳಿದ್ದೇನೆ.

ಅಮ್ಮಿಗೆ ಈ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಮಾಳಿಗೆಯ ಮೇಲಿನ ಉದ್ದನೆಯ ಕಂಬ, ಅದರ ತುದಿಯಲ್ಲಿ ಮೀನಿನ ಮುಳ್ಳಿನಂತೆ ಚಾಚಿಕೊಂಡಿದ್ದ ಆಂಟೆನಾ. ದೇಶದ ಯಾವುದೋ ಮೂಲೆಯಲ್ಲಿ ಬಾಂಬು ಸಿಡಿದ ಸುದ್ದಿ ಟೀವಿಯಲ್ಲಿ ಬಂದರೆ ಅಮ್ಮಿ ಮೊದಲು ಎದ್ದು ಬೀದಿಯ ಬಾಗಿಲು ಹಾಕುತ್ತಿದ್ದಳು. ಮನೆಯೊಳಗಿನ ನಮ್ಮ ಮಾತು ದಖನಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. "ಆ ಕಂಬ ಇಳಸ್ರಿ. ನಮ್ಮಂಥವರ ಮನಿ ಮ್ಯಾಲ ಅದು ಛಂದ ಕಾಣಸಂಗಿಲ್ಲ" ಎನ್ನುತ್ತಿದ್ದಳು. ಅಬ್ಬಾ ನಗುತ್ತಿದ್ದರು. "ನಾ ಕಾಯ್ದೆ ಪ್ರಕಾರ ಅದೇನಿ. ಕಾಯ್ದೆ ಪ್ರಕಾರ ಇದ್ದವರಿಗೆ ಯಾರ ಭಯ?" ಎನ್ನುತ್ತಿದ್ದರು. ಆದರೂ ಮಾತಾಡಲು ಕೂತಾಗ ಅವರು ಪ್ರತಿ ಪದವನ್ನೂ ತೂಗಿ ಆಡುತ್ತಿದ್ದದ್ದು ನನಗೆ ನೆನಪಿದೆ. ಅಮ್ಮಿಯ ಭಯವೇ ಅವರ ಶಿಸ್ತಿನ ರೂಪದಲ್ಲಿತ್ತೇನೋ ಎಂದು ಈಗ ಅನಿಸುತ್ತದೆ.

ಒಂದು ಸಂಜೆ ನಾವು ಮೂವರೂ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಖೋಲಿಯ ಬಾಗಿಲು ತೆರೆದಿತ್ತು. ಕೂಟದ ಹೊತ್ತು ಇನ್ನೂ ಆಗಿರಲಿಲ್ಲ. ರೇಡಿಯೊ ಸಣ್ಣಗೆ ಸುಯ್ಯೆನ್ನುತ್ತಿತ್ತು. ಇದ್ದಕ್ಕಿದ್ದಂತೆ ಅದರೊಳಗಿಂದ ಅಬ್ಬಾ ಮಾತಾಡಿದರು. ಅವರದೇ ಕಾಲ್‌ಸೈನ್, ಅವರದೇ ದನಿ, ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಅವರದೇ ರೀತಿ. ನಾನು ಅಬ್ಬಾನ ಮುಖ ನೋಡಿದೆ. ಅವರ ಕೈಯಲ್ಲಿ ಚಹಾದ ಬಸಿ ಇತ್ತು, ತುಟಿ ಮುಚ್ಚಿತ್ತು. ರೇಡಿಯೊದೊಳಗಿನ ಅಬ್ಬಾ ಮತ್ತೊಮ್ಮೆ ಕರೆದರು. ಆಮೇಲೆ ಮಾತು ನಿಂತು ಉಸಿರಾಟ ಮಾತ್ರ ಕೇಳಿಸಿತು. ಯಾರೋ ಮೈಕಿನ ಗುಂಡಿಯನ್ನು ಒತ್ತಿ ಹಿಡಿದು, ಏನು ಹೇಳಬೇಕೆಂದು ತೋಚದೆ ಬರೀ ಉಸಿರಾಡುತ್ತಿದ್ದರು. ಅಮ್ಮಿ ನನ್ನನ್ನು ಎಳೆದು ತನ್ನ ಮಗ್ಗುಲಿಗೆ ಒತ್ತಿಕೊಂಡಳು. ಅಬ್ಬಾ ಎದ್ದು ಒಳಗೆ ಹೋಗಿ ದನಿ ತಗ್ಗಿಸಿದರು. ಯಾರು ಎಂದು ಅಮ್ಮಿ ಕೇಳಲಿಲ್ಲ, ಅಬ್ಬಾ ಹೇಳಲೂ ಇಲ್ಲ.

ಅದು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅಬ್ಬಾನ ತಮ್ಮ ಮಹಿಬೂಬ, ನನ್ನ ಚಾಚಾ. ಇಬ್ಬರ ದನಿಯೂ ಒಂದೇ ಅಚ್ಚಿನದು. ನಾನು ತೀರಾ ಚಿಕ್ಕವಳಿದ್ದಾಗ ಚಾಚಾ ನಮ್ಮ ಮನೆಯಲ್ಲೇ ಇದ್ದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೇವಿನ ಮರದ ಕೊಂಬೆ ಮುಟ್ಟಿಸುತ್ತಿದ್ದ. ರೇಡಿಯೊವನ್ನು ಅಣ್ಣ ತಮ್ಮ ಕೂಡಿಯೇ ಕಲಿತಿದ್ದರು, ಕೂಡಿಯೇ ಪರೀಕ್ಷೆ ಬರೆದಿದ್ದರು. ಅಬ್ಬಾಗೆ ಲೈಸೆನ್ಸ್ ಬಂತು. ಚಾಚಾ ಹಿಂದೆ ಯಾವುದೋ ಹೊಡೆದಾಟದಲ್ಲಿ ಸಿಕ್ಕಿಬಿದ್ದಿದ್ದರಿಂದ ಅವನ ತನಿಖೆ ಮುಂದೆ ಸಾಗಲಿಲ್ಲ. ಒಂದು ದಿನ ಅಬ್ಬಾ ಇಲ್ಲದಾಗ ಅವನು ಮೈಕು ಹಿಡಿದು ಅಣ್ಣನ ಕಾಲ್‌ಸೈನಿನಲ್ಲಿ ಮಾತಾಡಿಬಿಟ್ಟ. ಅಬ್ಬಾ ಬಂದು ಕಪಾಳಕ್ಕೆ ಹೊಡೆದರಂತೆ. ಅವರು ಯಾರಿಗಾದರೂ ಹೊಡೆದದ್ದು ಅದೊಂದೇ ಸಲ ಎಂದು ಅಮ್ಮಿ ಹೇಳುತ್ತಾಳೆ. ಚಾಚಾ ಮನೆ ಬಿಟ್ಟು ಹೋದ. ಟ್ರಕ್ ಓಡಿಸುತ್ತಾನೆ ಎಂಬ ಸುದ್ದಿ ಬಿಟ್ಟರೆ ಅವನ ಗೊತ್ತು ಗುರಿ ತಿಳಿಯಲಿಲ್ಲ. ಅವನು ಹೋದ ಮೇಲೆ ಕಪಾಟಿನಲ್ಲಿದ್ದ ಹಳೆಯ ರೇಡಿಯೊ ಸೆಟ್ಟು ಕಾಣಲಿಲ್ಲ. ಅಬ್ಬಾ ಅದನ್ನು ಕೂಟದವರಿಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ.

ಆ ದನಿ ಆಗಾಗ ಬರತೊಡಗಿತು. ಕೂಟದವರೆಲ್ಲ ಕೇಳಿದರು. ಖಾಸಿಂಸಾಬರ ಕಾಲ್‌ಸೈನನ್ನು ಯಾರೋ ಕದ್ದಿದ್ದಾರೆ ಎಂದು ಮಾತಾಯಿತು. ಸಂಜೆಯಾದರೆ ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ಶಾಲೆಯ ಪಾಠ ಗಟ್ಟಿಯಾಗಿ ಓದಿ ಆ ಸುಯ್ಯೆನ್ನುವ ಸದ್ದನ್ನು ಮುಚ್ಚಲು ನೋಡುತ್ತಿದ್ದೆ. ಒಂದು ದಿನ ಬೆಳಿಗ್ಗೆ ಫೌಜದಾರರು ಇಬ್ಬರು ಪೇದೆಗಳೊಂದಿಗೆ ಮನೆಗೆ ಬಂದರು. ಓಣಿಯ ಜನ ತಂತಮ್ಮ ಕಟ್ಟೆಗಳ ಮೇಲೆ ಬಂದು ನಿಂತರು.

"ನಿನ್ನಿ ಸಂಜಿಗೆ, ಕೊಲ್ಲಾಕ ಬಂದಾರ, ಕಾಪಾಡ್ರಿ ಅಂತ ರೇಡಿಯೊದಾಗ ಕರದವರು ನೀವೇ ಏನ್ರಿ?"

"ಇಲ್ಲರಿ ಸಾಹೇಬ್ರ. ನಾ ಕತ್ತಲಾಗೋತನಕ ಕೋರ್ಟಿನಾಗೇ ಇದ್ದೆ."

"ನಿಮ್ಮದೇ ನಂಬರ್ ಹೇಳ್ಯಾರ, ನಿಮ್ಮದೇ ದನಿ ಅಂತಾರ. ಸೊಲ್ಲಾಪುರ ಕಡೆಯವರೊಬ್ಬರು ಕೇಳಿ, ಗಾಬರಿ ಆಗಿ ನಮಗ ಫೋನ್ ಮಾಡ್ಯಾರ." ಫೌಜದಾರರು ಖೋಲಿಯೊಳಗೆ ಇಣುಕಿದರು, ಯಂತ್ರದ ಮೇಲೆ ಕೈಯಾಡಿಸಲಿಲ್ಲ. "ನಿಮ್ಮಂಥ ದನಿ ಇದ್ದವರು ಮತ್ಯಾರಾದ್ರೂ ಅದಾರೇನ್ರಿ?"

ಅಬ್ಬಾ ನೆಲ ನೋಡಿದರು. ಅಡುಗೆಮನೆಯಲ್ಲಿ ಅಮ್ಮಿಯ ಬಳೆಗಳ ಸದ್ದು ನಿಂತಿತು. "ಹುಡುಕ್ತೇವ್ರಿ" ಎಂದಷ್ಟೇ ಹೇಳಿದರು.

"ಹುಡುಕ್ರಿ. ಲಗೂನ ಹುಡುಕ್ರಿ. ಇಲ್ಲಾಂದ್ರ ನಾ ಈ ಖೋಲಿಗೆ ಮೊಹರು ಹಾಕಬೇಕಾಗ್ತದ. ನಮಗೂ ಮ್ಯಾಲಿನವರು ಕೇಳ್ತಾರ" ಎಂದು ಫೌಜದಾರರು ಹೊರಟರು. ಅವರು ಕೆಟ್ಟ ಮನುಷ್ಯರೇನಲ್ಲ. ಹೋಗುವಾಗ ನನ್ನ ತಲೆ ಸವರಿದರು. ಆದರೂ ನಾನು ಆ ದಿನ ಶಾಲೆಗೆ ಹೋಗಲಿಲ್ಲ. ಕಟ್ಟೆಯ ಮೇಲಿದ್ದ ಜನ ಎಷ್ಟು ಹೊತ್ತಾದರೂ ಒಳಗೆ ಹೋಗಿರಲಿಲ್ಲ.

ಭಾನುವಾರ ಶರಣಪ್ಪ ಕಾಕಾ, ಸುಜಾತಾ ಟೀಚರ್ ಇಬ್ಬರೂ ಮನೆಗೆ ಬಂದರು. ಕಾಕಾ ಚಹಾ ಮುಟ್ಟದೆ ಮಾತು ಶುರು ಮಾಡಿದರು. "ಇದು ನಮ್ಮ ಮನಿ ಕಸರಿ. ನಾವೇ ಬಳೀಬೇಕು. ಅಂವ ಬಂದಾಗ ಯಾರೂ ಉತ್ತರ ಕೊಡಬ್ಯಾಡ್ರಿ, ಬೈಯಬ್ಯಾಡ್ರಿ. ಕಾಪಾಡ್ರಿ ಅನ್ನೂದೆಲ್ಲ ಅಂವನ ಆಟ, ಬೈದಷ್ಟೂ ಅಂವಗ ಹುರುಪು ಬರ್ತದ. ಲೈಸೆನ್ಸ್ ಇಲ್ಲದವನ ಸಂಗಡ ಒಂದು ಮಾತೂ ಆಡೂದು ನಮಗ ಸಲ್ಲಂಗಿಲ್ಲ. ಮೂರೂ ಊರಿನಿಂದ ಸುಮ್ಮನೆ ದಿಕ್ಕು ಹಿಡಿಯೋಣ." ಟೀಚರ್ ಜಿಲ್ಲೆಯ ನಕಾಶೆ ಹಾಸಿ ತೋರಿಸಿದರು. ಆಂಟೆನಾವನ್ನು ತಿರುಗಿಸುತ್ತ ಹೋದರೆ ಒಂದು ದಿಕ್ಕಿಗೆ ದನಿ ಎಲ್ಲಕ್ಕಿಂತ ಜೋರಾಗಿ ಕೇಳಿಸುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯಿಂದ ಆ ದಿಕ್ಕಿಗೆ ಒಂದೊಂದು ಗೆರೆ ಎಳೆದರೆ, ಮೂರೂ ಕೂಡುವ ಕಡೆ ಆ ಮನುಷ್ಯ ಇರಬೇಕು. ಸಿಕ್ಕ ಡಿಗ್ರಿಯನ್ನು ಫೋನಿನಲ್ಲಷ್ಟೇ ತಿಳಿಸಬೇಕು, ಗಾಳಿಯಲ್ಲಿ ಹೇಳಬಾರದು, ಅವನೂ ಕೇಳುತ್ತಿರುತ್ತಾನಲ್ಲ. ಅಬ್ಬಾ ಎಲ್ಲದಕ್ಕೂ ತಲೆಯಾಡಿಸಿದರು. ಅವರು ಹೋದ ಮೇಲೆ ಅಮ್ಮಿ, "ಹೇಳಿಬಿಡಬೇಕಿತ್ತು" ಎಂದಳು. "ಹೇಳಿದ್ರ ಪೊಲೀಸರು ಹಿಡೀತಾರ. ಲಾಕಪ್ಪಿನಾಗ ಅಂವ ಬದುಕಂಗಿಲ್ಲ" ಎಂದರು ಅಬ್ಬಾ. "ಹೇಳದಿದ್ರ ನಿಮ್ಮನ್ನ ಹಿಡೀತಾರ" ಎಂದಳು ಅಮ್ಮಿ.

ಎರಡು ದಿನ ಬಿಟ್ಟು ದನಿ ಬಂತು. ಮಾಳಿಗೆಯ ಮೇಲೆ ಅಬ್ಬಾ ಕಂಬವನ್ನು ತಬ್ಬಿಕೊಂಡಂತೆ ನಿಂತು ಆಂಟೆನಾ ತಿರುಗಿಸುತ್ತಿದ್ದರು. ಕೆಳಗಿರಲು ಹೆದರಿ ನಾನೂ ಮೇಲೆ ಬಂದು ಅವರ ಅಂಗಿಯ ಚುಂಗು ಹಿಡಿದಿದ್ದೆ. ಪಶ್ಚಿಮದಲ್ಲಿ ಬಿಸಿಲು ಕೆಂಪಾಗಿತ್ತು. ತೊಗರಿ ಹೊಲಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ಆಂಟೆನಾದ ತಂತಿ ಜೋಡಿಸಿದ್ದ ಕೈಯ ಸೆಟ್ಟಿನಿಂದ ಚಾಚಾನ ದನಿ ನಡುಗುತ್ತ ಬಂತು: "ಟ್ರಕ್ ತಗೊಂಡು ಸುತ್ತಾಕತ್ತಾರ. ರೋಡಿನ ಮ್ಯಾಲೆ ನಿಂತಾರ. ಯಾರಾದ್ರೂ ಕೇಳಾಕತ್ತೀರೇನ್ರಿ?" ಕೂಟದವರೆಲ್ಲ ಒಪ್ಪಂದದಂತೆ ಸುಮ್ಮನಿದ್ದರು. ಕೂಗುವವನಿಗೆ ಉತ್ತರ ಕೊಡದೆ ಎಲ್ಲರೂ ಕಿವಿಗೊಟ್ಟು ಕೂತ ಆ ಮೌನದಷ್ಟು ನನ್ನನ್ನು ಹೆದರಿಸಿದ್ದು ಬೇರೆ ಇಲ್ಲ. ಅಬ್ಬಾ ಆಂಟೆನಾವನ್ನು ಉತ್ತರಕ್ಕೆ ತಂದಾಗ ದನಿ ಕಿವಿಯೊಳಗೇ ಬಂದಂತಾಯಿತು. ಅವರು ಅದನ್ನು ದಾಟಿಸಿ ಮುಂದೆ ತಿರುಗಿಸಿದರು; ಮತ್ತೆ ಹಿಂದಕ್ಕೆ ತಂದು ನಿಲ್ಲಿಸಿದರು. ಕಂಬದ ಬುಡದಲ್ಲಿ ಗುರುತು ಹಾಕಿದ್ದ ಡಿಗ್ರಿಯನ್ನು ಬಾಗಿ ನೋಡಿ ಕೆಳಗಿಳಿದು ಹೋಗಿ ಫೋನೆತ್ತಿದರು. ಫೋನು ಸತ್ತಿತ್ತು. ನಮ್ಮ ಓಣಿಯಲ್ಲಿ ಅದು ಆಗಾಗ ಹಾಗೆಯೇ ಸಾಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಶರಣಪ್ಪ ಕಾಕಾನ ದನಿ ಬಂತು. "ಖಾಸಿಂಸಾಬ್ರ, ನಿಮ್ಮ ಫೋನ್ ಹತ್ತವಲ್ದು. ನಮ್ಮಿಬ್ಬರದೂ ಆಗ್ಯಾದ. ನಿಮ್ಮ ಅಂಕಿ ಇಲ್ಲೇ ಹೇಳಿಬಿಡ್ರಿ." ಅಬ್ಬಾ ಮೈಕು ಕೈಯಲ್ಲಿ ಹಿಡಿದು ಕೂತರು. ಸಿಗಲಿಲ್ಲ ಎನ್ನಬಹುದಿತ್ತು. ಒಂದಿಷ್ಟು ಆಚೀಚೆ ಮಾಡಿ ಹೇಳಿದ್ದರೂ ಮೂರು ಗೆರೆಗಳು ಎಲ್ಲೂ ಕೂಡುತ್ತಿರಲಿಲ್ಲ. ಅಮ್ಮಿ ಬಾಗಿಲಲ್ಲಿ ನಿಂತಿದ್ದಳು. ಅಬ್ಬಾ ಗುಂಡಿ ಒತ್ತಿದರು, ಎಂದಿನಂತೆ ತಮ್ಮ ಕಾಲ್‌ಸೈನ್ ಹೇಳಿದರು, ಕಂಡಿದ್ದ ಅಂಕಿಯನ್ನೇ ಹೇಳಿದರು. ಅದರ ಜೊತೆಗೆ ಯಾರೂ ಕೇಳದ ಒಂದು ಮಾತನ್ನೂ ಸೇರಿಸಿದರು: "ಅಂವ ನನ್ನ ತಮ್ಮರಿ. ಸೆಟ್ಟು ನಮ್ಮ ಮನಿಯಾಗಿಂದೇ ಹೋಗಿದ್ದು. ನಾ ಮೊದಲೇ ಹೇಳಬೇಕಿತ್ತು." ಆ ಕ್ಷಣದಿಂದ ಚಾಚಾನ ದನಿ ನಿಂತುಹೋಯಿತು. ಅವನು ಓಡಿಹೋದನೋ, ಏನಾದರೂ ಮಾಡಿಕೊಂಡನೋ ತಿಳಿಯಲಿಲ್ಲ. ಆ ಹೊತ್ತು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಬೆಳಗಾಗುತ್ತಲೇ ಕಾಕಾನ ವ್ಯಾನು ಬಂತು, ಟೀಚರ್ ಅದರಲ್ಲಿದ್ದರು. ಗೆರೆಗಳು ಕೂಡಿದ್ದು ಆಳಂದದ ಆಚೆ, ಮಹಾರಾಷ್ಟ್ರದ ಗಡಿಯಲ್ಲಿರುವ ಖಜೂರಿಯ ಹತ್ತಿರ. ಹೊರಡುವಾಗ ಅಮ್ಮಿ ನನ್ನನ್ನು ಮುಂದಕ್ಕೆ ತಳ್ಳಿದಳು. "ಹುಡುಗೀನ ಕರ್ಕೊಂಡು ಹೋಗ್ರಿ. ಅಕೀನ ಕಂಡ್ರ ಅಂವ ಕೈ ಎತ್ತಂಗಿಲ್ಲ." ದಾರಿಯುದ್ದಕ್ಕೂ ನಾನು ಅಬ್ಬಾನ ತೊಡೆಗೆ ಒತ್ತಿ ಕೂತು, ಚಾಚಾನ ಮುಖ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ, ಬರೀ ಹೆಗಲು ನೆನಪಾಯಿತು.

ಖಜೂರಿಯ ರಸ್ತೆಯಲ್ಲಿ ಟ್ರಕ್ಕುಗಳು ಸಾಲುಗಟ್ಟಿ ನಿಂತಿದ್ದವು. ಪಂಕ್ಚರ್ ಅಂಗಡಿಯ ಹಿಂದೆ ತಗಡಿನ ಒಂದು ಖೋಲಿ, ಪಕ್ಕದ ಜಾಲಿಮರದ ತುದಿಯವರೆಗೆ ಹೋಗಿದ್ದ ತಂತಿ. ಆ ತಂತಿಯನ್ನು ಕಂಡು ಅಬ್ಬಾ ಒಂದು ಕ್ಷಣ ನಿಂತರು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು.

"ಮಹಿಬೂಬಾ, ನಾ ಬಂದೇನಿ. ಬಾಗಿಲ ತೆಗಿ."

ಒಳಗೆ ಕಬ್ಬಿಣದ ಏನನ್ನೋ ಎಳೆದ ಸದ್ದಾಯಿತು. ಆಮೇಲೆ ಟೀಚರ ಕೈಯಲ್ಲಿದ್ದ ಸೆಟ್ಟಿನಿಂದ, ಗೋಡೆಯಾಚೆಯಿಂದಲೂ, ಒಂದೇ ದನಿ ಎರಡು ಕಡೆ ಕೇಳಿಸಿತು. ಅಬ್ಬಾನ ಕಾಲ್‌ಸೈನ್ ಹೇಳಿ ಚಾಚಾ ಕರೆಯುತ್ತಿದ್ದ: "ಬಾಗಿಲಿಗೆ ಬಂದಾರ. ನಮ್ಮ ಭಾಯಿ ದನಿ ಮಾಡಾಕತ್ತಾರ. ಯಾರಾದ್ರೂ ಕೇಳಾಕತ್ತೀರೇನ್ರಿ? ಕಾಪಾಡ್ರಿ."

ಅಬ್ಬಾ ಟೀಚರ ಕೈಯಿಂದ ಸೆಟ್ಟು ತೆಗೆದುಕೊಂಡು ಶರಣಪ್ಪ ಕಾಕಾನ ಮುಖ ನೋಡಿದರು. ಕಾಕಾ ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಜೀವದ ಆಪತ್ತಿನಾಗ ಕರದವರಿಗೆ ಯಾರು ಬೇಕಾದ್ರೂ ಉತ್ತರ ಕೊಡಬಹುದು. ಮೊದಲೇ ಕೊಡಬೇಕಿತ್ತು, ನನಗ ತಿಳೀಲಿಲ್ಲ. ಮಾತಾಡ್ರಿ ಖಾಸಿಂಸಾಬ್ರ."

ಅಬ್ಬಾ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಪ್ರತಿ ಸಂಜೆ ಮಾತಾಡುವ ಹಾಗೆಯೇ, ಅವಸರವಿಲ್ಲದೆ, ತಮ್ಮ ಕಾಲ್‌ಸೈನ್ ಹೇಳಿದರು. "ನಿನ್ನ ಕರೆ ಕೇಳಸ್ತದ. ಸ್ಪಷ್ಟ ಕೇಳಸ್ತದ. ಸಾವಕಾಶ ಹೇಳು. ಕರೀಲಿಕ್ಕತ್ತಿದ್ದು ಯಾರು?"

ಒಳಗಿನಿಂದ ಅಬ್ಬಾನ ಕಾಲ್‌ಸೈನಿನ ಮೊದಲ ಅಕ್ಷರಗಳು ಬಂದು ನಿಂತವು.

"ಅದು ನನ್ನದು. ನಿನ್ನ ಹೆಸರು ಹೇಳು. ನಾ ಕಾಯ್ತೇನಿ."

ರಸ್ತೆಯ ಮೇಲೆ ಒಂದು ಟ್ರಕ್ಕು ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಚಾಚಾ ಹೇಳಿದ: "ಮಹಿಬೂಬ. ಖಜೂರಿಯಿಂದ ಮಹಿಬೂಬ."

"ಮಹಿಬೂಬಾ, ಬಾಗಿಲ ಹೊರಗ ನಾ ಅದೇನಿ, ಶರಣಪ್ಪ ಅದಾರ, ಟೀಚರ್ ಅದಾರ, ನಸೀಮಾ ಅದಾಳ. ಮತ್ಯಾರೂ ಇಲ್ಲ." ಅಬ್ಬಾ ನನಗೆ ಸನ್ನೆ ಮಾಡಿದರು. ಸೆಟ್ಟು ನನ್ನ ಬಾಯಿಗೆ ಹಿಡಿಯಲಿಲ್ಲ. ಲೈಸೆನ್ಸ್ ಇಲ್ಲದವರು ಗಾಳಿಯಲ್ಲಿ ಮಾತಾಡಬಾರದು ಎಂಬುದನ್ನು ಆಗಲೂ ಅವರು ಮರೆಯಲಿಲ್ಲ. ನಾನು ಬಾಗಿಲಿಗೇ ಬಾಯಿ ಹಚ್ಚಿ "ಚಾಚಾ" ಎಂದೆ. ದನಿ ಅರ್ಧ ಬಂತು. ಅಗುಳಿ ಸರಿಯಿತು.

ಬಾಗಿಲಲ್ಲಿ ನಿಂತವನ ಎಲುಬುಗಳು ಅಂಗಿಯ ಮೇಲೆಯೇ ಕಾಣುತ್ತಿದ್ದವು. ಗಡ್ಡ ಬೆಳೆದಿತ್ತು, ಕಣ್ಣು ಜ್ವರದಲ್ಲಿ ಕೆಂಪಾಗಿದ್ದವು, ಕೈಯಲ್ಲಿ ಗಾಲಿ ಬಿಚ್ಚುವ ಉದ್ದನೆಯ ಪಾನಾ ಇತ್ತು. ನಾನು ಟೀಚರ ಸೀರೆಯ ಹಿಂದೆ ಸರಿದೆ. ಅದನ್ನು ನೋಡಿ ಚಾಚಾ ತನ್ನ ಕೈಯನ್ನು ತಾನೇ ನೋಡಿಕೊಂಡ. ಪಾನಾವನ್ನು ಮೆಲ್ಲಗೆ, ಸದ್ದಾಗದ ಹಾಗೆ ನೆಲಕ್ಕಿಟ್ಟ. "ಹೆದರಬ್ಯಾಡ ಬೇಟಾ" ಎಂದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ನಮ್ಮೆಲ್ಲರಿಗಿಂತ ಹೆಚ್ಚು ಹೆದರಿದ್ದವನು ಅವನೇ.

ಅವನನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ಒಂಟಿತನದಲ್ಲಿ, ನಿದ್ದೆಗೆಟ್ಟು, ಮನಸ್ಸು ಕೆಟ್ಟಿತ್ತು. ಕೊಲ್ಲಲು ಬಂದವರು ಯಾರೂ ಇರಲಿಲ್ಲ. ಅಬ್ಬಾ, ಕಾಕಾ, ಟೀಚರ್ ಮೂವರೂ ಕೂಡಿ ಫೌಜದಾರರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ತಾವೇ ಹೇಳಿದರು. ಫೌಜದಾರರು ಹಳೆಯ ಸೆಟ್ಟನ್ನು ವಶಕ್ಕೆ ತೆಗೆದುಕೊಂಡು, ರೋಗಿಯ ಮೇಲೆ ಏನು ಕೇಸು ಹಾಕಲಿ ಎಂದು ಕಳಿಸಿದರು. ಅಬ್ಬಾಗೆ ಯಾರೂ ಶಿಕ್ಷೆ ಕೊಡಲಿಲ್ಲ. ಅವರೇ ತಮ್ಮ ಮೈಕಿನ ತಂತಿ ಬಿಚ್ಚಿ ಅಮ್ಮಿಯ ಟ್ರಂಕಿನಲ್ಲಿಟ್ಟರು. ಆ ಮಳೆಗಾಲ, ಆ ಚಳಿಗಾಲ ಪೂರ್ತಿ ಒಂದು ಮಾತೂ ಆಡದೆ ಬರೀ ಕೇಳಿದರು. ಶರಣಪ್ಪ ಕಾಕಾ ಮಾತ್ರ ದಿನಾ ಹಾಜರಿ ಕೂಗುವಾಗ ಅಬ್ಬಾನ ಕಾಲ್‌ಸೈನನ್ನೂ ಕೂಗಿ, ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಚಣಹೊತ್ತು ಬಿಟ್ಟು ಮುಂದಿನವರನ್ನು ಕರೆಯುತ್ತಿದ್ದರು.

ಚಾಚಾ ಮನೆಗೆ ಬಂದ ಮೇಲೆ ಹಲವು ವರ್ಷ ನಮ್ಮ ಜೊತೆಗಿದ್ದ. ಗುಳಿಗೆ ನುಂಗಿ ಮಂಕಾಗಿ, ಸಂಜೆ ಖೋಲಿಯ ಹೊಸ್ತಿಲ ಮೇಲೆ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ಕೂತು ಕೂಟ ಕೇಳುತ್ತಿದ್ದ. ನಾನು ಅವನ ಪಕ್ಕದಲ್ಲಿ ಕೂರುವಷ್ಟು ಧೈರ್ಯ ತಂದುಕೊಳ್ಳಲು ಬಹಳ ದಿನ ಹಿಡಿಯಿತು. ಒಂದು ಬೇಸಿಗೆಯಲ್ಲಿ ಅವನು ತೀರಿಕೊಂಡ. ರಸ್ತೆ ಅಗಲವಾದಾಗ ಮನೆಯ ಮುಂಭಾಗ ಹೋಯಿತು. ಉಳಿದದ್ದನ್ನು ಮಾರಿ ಅಬ್ಬಾ, ಅಮ್ಮಿ ನನ್ನ ಹತ್ತಿರ ಜೇವರ್ಗಿಗೆ ಬಂದರು. ಕೊನೆಯ ದಿನಗಳಲ್ಲಿ ಒಮ್ಮೆ ನಾನು ಕೇಳಿದೆ: "ಆ ದಿನ ಮಾಳಿಗಿ ಮ್ಯಾಲೆ ನಿಮಗ ಪೊಲೀಸರ ಭಯ ಇತ್ತೇನು ಅಬ್ಬಾ?" "ಪೊಲೀಸರದಲ್ಲ ಬೇಟಾ. ಲೋಕದಾಗ ಅಷ್ಟು ಮಂದಿ ಇದ್ರೂ ಅಂವ ಹೆದರಿದಾಗ ಕರದದ್ದು ನನ್ನ. ನಾ ಅಂವಗ ಏನು ಕೊಟ್ಟೆ, ಒಂದು ಅಂಕಿ ಕೊಟ್ಟೆ. ಆ ರಾತ್ರಿ ಅಂವ ಅದನ್ನ ಹಿಡಕೊಂಡು ಹ್ಯಾಂಗ ಕೂತಿದ್ದನೋ ಅಂತ ಈಗೂ ಭಯ ಆಗ್ತದ" ಎಂದರು.

ಅಬ್ಬಾ ಇಲ್ಲ, ಶರಣಪ್ಪ ಕಾಕಾ ಇಲ್ಲ. ಟೀಚರಿಗೆ ಕಿವಿ ಕೇಳಿಸುವುದಿಲ್ಲ. ನಾನೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದೇನೆ; ಭಾನುವಾರ ಸಂಜೆ ಈಗ ಕೂಟ ನಡೆಸುವವಳು ನಾನೇ. ಬರುವವರು ನಾಲ್ಕೈದು ಜನ, ಎಲ್ಲರೂ ಕಾಲೇಜಿನ ಹುಡುಗ ಹುಡುಗಿಯರು. ಕಾಲ್‌ಸೈನ್ ಇಲ್ಲದ ಯಾವುದೋ ದನಿ ನಡುವೆ ನುಸುಳಿದರೆ ಅವರಿಗೆ ಸಿಟ್ಟು ಬರುತ್ತದೆ, ಓಡಿಸ್ರಿ ಅಕ್ಕಾ ಎನ್ನುತ್ತಾರೆ. ನನ್ನ ಕೈಕಾಲು ಇಂದಿಗೂ ತಣ್ಣಗಾಗುತ್ತವೆ. "ತಡೀರಿ" ಎನ್ನುತ್ತೇನೆ. "ಮೊದಲು, ಏನಾದ್ರೂ ಕಷ್ಟದಾಗ ಅದೀರೇನು ಅಂತ ಕೇಳ್ರಿ. ಕಾಲ್‌ಸೈನ್ ಆಮೇಲೆ ಕೇಳೋಣ." ನಾನೇ ಕೇಳುತ್ತೇನೆ, ಗುಂಡಿ ಬಿಡುತ್ತೇನೆ. ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಲಾರಿಯವರೋ, ಆಟಕ್ಕೆ ಒತ್ತಿದ ಹುಡುಗರೋ ಇರಬೇಕು. ಸ್ವಲ್ಪ ಹೊತ್ತು ಕಾಯ್ದು ಹಾಜರಿ ಮುಂದುವರಿಸುತ್ತೇನೆ.